ಬಲಗಡೆಯ ತುಂಡು

ಮಹ್ದಿಯಾ,
ಜುಲೈ ೯, ಮಂಗಳವಾರ

ನನ್ನ ಮುದ್ದು ಶೈಮಾ,

ನಿನಗೂ ನಿಮ್ಮ ಮನೆಯವರೆಲ್ಲರಿಗೂ ದೇವರು ನೆಮ್ಮದಿ ಕೊಡಲಿ, ಈ ಬಿಸಿಲಲ್ಲಿ ಒಂದಿಷ್ಟು ತಂಪನ್ನೂ ಕೊಡಲಿ. ಗಫ್ಸಾದ ಜುಲೈ ನನಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮಮ್ಮ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಾಳೆ, ಅದು ಒಣಗಿದರೆ ನಿಮ್ಮಪ್ಪನನ್ನು ಬೈಯುತ್ತಾಳೆ, ಮತ್ತೆ ನೆನೆಸಿ ಕಟ್ಟುತ್ತಾಳೆ. ಇಲ್ಲಿ ಸಮುದ್ರದ ಗಾಳಿಯಿದೆ. ಮಾಳಿಗೆಯ ಮೇಲೆ ನೀನು ಮಲಗುತ್ತಿದ್ದ ಹಾಸಿಗೆಯನ್ನು ಇನ್ನೂ ಕೆಳಗಿಳಿಸಿಲ್ಲ. ಇಳಿಸೋಣವೇ ಎಂದು ನನ್ನ ಮಗ ಲಸ್ಸಾದ್ ಕೇಳಿದ. ಅವನ ಹೆಂಡತಿ ಲುಬ್ನಾ ಸೂಜಿಗೆ ನೂಲು ಪೋಣಿಸಿದಳು, ನಾನು ಪಾತ್ರೆ ತೊಳೆದೆ. ಅವನು ತನ್ನ ದೋಣಿಯ ಎಂಜಿನ್ ರಿಪೇರಿಗೆ ಹೊರಟುಹೋದ.

ನಾನು ಎಷ್ಟು ಸಲ ಫೋನು ಮಾಡಿದರೂ ನೀನು ಎತ್ತಲಿಲ್ಲ. ಆಮೇಲೆ ಈ ಮೂರು ಸಾಲು ಕಳಿಸಿದೆ: "ದೊಡ್ಡಮ್ಮಾ, ಅಪ್ಪನ ಲ್ಯಾಪ್‌ಟಾಪಿಗೆ ನಿಮ್ಮ ಲಿನಕ್ಸ್ ಹಾಕ್ಕೋಬೇಕು, ಆದ್ರೆ ಅಪ್ಪನ ಪಾಠ, ಪ್ರಶ್ನೆಪತ್ರಿಕೆ ಎಲ್ಲ ವಿಂಡೋಸಲ್ಲಿದೆ, ಅದೂ ಇರ್ಬೇಕು. ಹೇಗೆ ಅಂತ ಬರೆದು ಕಳಿಸಿ. ಇನ್ನು ಮುಂದೆ ನನ್ನಿಂದ ಯಾರ ಕಂಪ್ಯೂಟರಿಗೂ ರೋಗ ಹತ್ತಬಾರದು."

ಕೊನೆಯ ಸಾಲನ್ನು ನಾನು ಅಡುಗೆಮನೆಯಲ್ಲಿ ನಿಂತು ಓದಿದೆ. ಒಲೆಯ ಮೇಲೆ ಮೆಣಸಿನಕಾಯಿ ಸುಡುತ್ತಿತ್ತು. ಅದು ಪೂರ್ತಿ ಕರಕಲಾಗುವವರೆಗೂ ನನಗೆ ವಾಸನೆಯೇ ಬರಲಿಲ್ಲ.

ಇದನ್ನು ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆಂದರೆ, ಈ ಕೆಲಸ ಮಾಡುವಾಗ ಲ್ಯಾಪ್‌ಟಾಪಿನಲ್ಲಿ ಬೇರೇನೂ ತೆರೆದು ಓದಲು ಆಗುವುದಿಲ್ಲ. ಪಾಠ ಪಕ್ಕದಲ್ಲಿ ಹಾಳೆಯಾಗಿ ಬಿದ್ದಿರಬೇಕು. ಇನ್ನೊಂದು ಕಾರಣವೂ ಇದೆ, ಅದು ತಾನಾಗಿ ಮುಂದೆ ಬರುತ್ತದೆ.

ಲಕೋಟೆಯಲ್ಲಿ ಎರಡು ಪೆನ್ ಡ್ರೈವ್ ಇವೆ. ಕಪ್ಪನೆಯದು ನನ್ನದು, ಅದರಲ್ಲಿ ಲಿನಕ್ಸ್ ತುಂಬಿಸಿದ್ದೇನೆ. ಹಸಿರು ಬಣ್ಣದ್ದು ನಿನ್ನದೇ, ಆ ದಿನ ಇಲ್ಲೇ ಬಿಟ್ಟುಹೋದದ್ದು. ಅದರ ಮಾತು ಕೊನೆಗೆ.

ಮೊದಲ ಕೆಲಸ: ನಿಮ್ಮಪ್ಪನ ಪಾಠ, ಪ್ರಶ್ನೆಪತ್ರಿಕೆ, ಫೋಟೋ, ಏನೇನಿದೆಯೋ ಅಷ್ಟನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೋ. ಇದನ್ನು ಮಾಡದೆ ಮುಂದಿನ ಸಾಲು ಓದಬೇಡ. ವಕೀಲರ ಕಚೇರಿಯಲ್ಲಿ ನಾನು ಟೈಪ್ ಮಾಡುತ್ತಿದ್ದ ಕಾಲದಲ್ಲಿ ಕಾರ್ಬನ್ ಇಡದೆ ಒಂದು ಹಾಳೆಯನ್ನೂ ಯಂತ್ರಕ್ಕೆ ತುರುಕಿದವಳಲ್ಲ. "ಬಹಿಜಾ ಸ್ವರ್ಗಕ್ಕೆ ಹೋದ್ರೂ ಎರಡು ಪ್ರತಿಯಲ್ಲಿ ಹೋಗ್ತಾಳೆ" ಎಂದು ವಕೀಲರು ನಗುತ್ತಿದ್ದರು.

ನಿನಗೆ ಆ ಕಚೇರಿಯ ಕಥೆ ಬಾಯಿಪಾಠವಾಗಿದೆ, ಆದರೂ ಇವತ್ತು ಅದು ಬೇಕು. ಕಸ ಗುಡಿಸಲು ಸೇರಿದವಳು ನಾನು. ಎಲ್ಲರೂ ಊಟಕ್ಕೆ ಹೋದಾಗ ಟೈಪಿನ ಮೇಜಿನ ಮುಂದೆ ಕೂತು ಒಂದೊಂದೇ ಅಕ್ಷರ ಕುಟ್ಟಿ ಕಲಿತೆ. ಮೇಜಿನ ಮೇಲೆ ಎರಡು ಯಂತ್ರ: ಎಡಗಡೆ ಫ್ರೆಂಚಿನದು, ಬಲಗಡೆ ಅರಬ್ಬಿಯದು. ಒಂದು ಎಡದಿಂದ ಬಲಕ್ಕೆ ಬರೆಯುತ್ತದೆ, ಇನ್ನೊಂದು ಬಲದಿಂದ ಎಡಕ್ಕೆ. ಒಂದರ ಮುಂದಿನಿಂದ ಇನ್ನೊಂದರ ಮುಂದಕ್ಕೆ ಸರಿದು ಕೂತರೆ ನನ್ನ ಕೈಗಳು ತಾವೇ ದಿಕ್ಕು ಬದಲಿಸಿಕೊಳ್ಳುತ್ತಿದ್ದವು. ಬೇರೆ ಟೈಪಿಸ್ಟುಗಳು ತಬ್ಬಿಬ್ಬಾಗಿ ಅಳುತ್ತಿದ್ದರು, ನಾನಲ್ಲ. ಮುಂದೆ ಸಂಸ್ಕೃತಿ ಭವನದ ಹೆಂಗಸರ ಕಂಪ್ಯೂಟರ್ ತರಗತಿಯಲ್ಲಿ, ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ವ್ಯವಸ್ಥೆ ಇಡಬಹುದು ಎಂದು ಹೇಳಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ನಾನೇ ಹಾಗೆ ಬದುಕಿದವಳು ತಾನೆ ಅಂದುಕೊಂಡೆ. ಆ ಜಂಬ ಇತ್ತು ನೋಡು, ಅದೇ ನನ್ನನ್ನು ತಿಂದದ್ದು.

ಇರಲಿ, ಪಾಠ. ಎರಡನೆಯ ಕೆಲಸ: ವಿಂಡೋಸ್ ಒಳಗಿದ್ದುಕೊಂಡೇ ಡಿಸ್ಕಿನಲ್ಲಿ ಅದರ ಜಾಗವನ್ನು ಕಿರಿದು ಮಾಡಿ, ಲಿನಕ್ಸಿಗೆ ಒಂದು ತುಂಡು ಬಿಡಿಸಬೇಕು. ಒಂದು ಮನೆಗೆ ಎರಡು ಬಾಗಿಲು ಇಡುವ ಹಾಗೆ. ನಡುವೆ ಗೋಡೆ ಎಬ್ಬಿಸುವ ಮೊದಲು ಯಾರ ಸಾಮಾನು ಯಾವ ಕಡೆ ಎಂದು ಗೊತ್ತಿರಬೇಕು. ಎರಡೂ ತುಂಡನ್ನು ಒಂದೇ ಅಳತೆಗೆ ಮಾಡಬೇಡ. ಲಿನಕ್ಸಿನದು ಚಿಕ್ಕದಿರಲಿ, ಕಣ್ಣಿಗೆ ಹೊಡೆಯುವಷ್ಟು ಚಿಕ್ಕದು. ಆಮೇಲೆ ವಿಂಡೋಸನ್ನು ಪೂರ್ತಿಯಾಗಿ ಮುಚ್ಚು. ಅದು ಅರ್ಧ ಕಣ್ಣು ತೆರೆದು ಮಲಗುವ ಜಾತಿ, ಸೆಟ್ಟಿಂಗಿನಲ್ಲಿ ಆ ಅರೆನಿದ್ದೆಯನ್ನು ನಿಲ್ಲಿಸಬೇಕು.

ಮೂರನೆಯದು: ಕಪ್ಪು ಪೆನ್ ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ಹಚ್ಚು. ಮೊದಲು ಬರುವ ಪ್ರಶ್ನೆ, ಯಾವ ಭಾಷೆ ಎಂದು. ಫ್ರೆಂಚ್ ಆರಿಸು. ಎಲ್ಲ ಮುಗಿದ ಮೇಲೆ ಅರಬ್ಬಿಗೆ ಬದಲಿಸಿಕೊಳ್ಳಬಹುದು.

ಈ ಪತ್ರವನ್ನು ನಿನ್ನೆಯೇ ಒಮ್ಮೆ ಬರೆದಿದ್ದೆ. ಅದರಲ್ಲಿ ಇಲ್ಲಿಂದ ನೇರವಾಗಿ ನಾಲ್ಕನೆಯ ಕೆಲಸಕ್ಕೆ ಹೋಗಿಬಿಟ್ಟಿದ್ದೆ. ಆಮೇಲೆ ನಿನ್ನ ಮುಖ ಕಣ್ಣ ಮುಂದೆ ಬಂತು. ನೀನು ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಹುಡುಗಿಯೇ? "ಯಾವಾಗ್ಲೂ ಅರಬ್ಬೀಲೇ ಹಾಕಿ, ನಮ್ ಭಾಷೆ ಕಂಪ್ಯೂಟರಿಗೇನು ಭಾರನಾ ಅಂತ ತರಗತೀಲಿ ಜಗಳ ಆಡಿದ್ದು ಇದೇ ದೊಡ್ಡಮ್ಮ ಅಲ್ವಾ" ಎಂದು ತುಟಿ ಓರೆ ಮಾಡಿ, ಅರಬ್ಬಿಯನ್ನೇ ಆರಿಸುತ್ತೀಯ. ಹಾಗಾದರೆ ನಿಮ್ಮಪ್ಪನ ಇಷ್ಟು ವರ್ಷದ ಪಾಠಗಳು ಹೋಗುತ್ತವೆ. ಕಾರಣ ಹೇಳದೆ ಪಾಠ ಕಳಿಸಿದರೆ ಇನ್ನೊಂದು ಮನೆ ಮುಳುಗಿಸಿದ ಹಾಗೆ. ಕಾರಣ ಹೇಳಿದರೆ ಎಲ್ಲವನ್ನೂ ಹೇಳಿದ ಹಾಗೆ. ಆ ಹಾಳೆ ಹರಿದುಹಾಕಿದೆ. ಈಗ ಹೇಳುತ್ತೇನೆ.

ಲುಬ್ನಾಳ ಕಸೂತಿ ಕೋಣೆಯ ಕಂಪ್ಯೂಟರ್ ಕೆಟ್ಟದ್ದು ನಿನ್ನಿಂದ ಅಲ್ಲ, ಶೈಮಾ. ನನ್ನಿಂದ.

ಆ ಶುಕ್ರವಾರ ನೀವಿಬ್ಬರೂ ಮದುಮಗಳ ಅಳತೆ ತೆಗೆಯಲು ಸಲಕ್ತಾಕ್ಕೆ ಹೋಗಿದ್ದಿರಿ. ಆ ಕಂಪ್ಯೂಟರ್ ಎಷ್ಟು ನಿಧಾನವಾಗಿತ್ತೆಂದು ನಿನಗೇ ಗೊತ್ತು. ಹಚ್ಚಿ ಬಿಟ್ಟು ಚಹಾ ಮಾಡಿ ಕುಡಿದು ಬಂದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ಲಿನಕ್ಸ್ ಹಾಕುತ್ತೇನೆ ಎಂದು ನಾನು ಎಷ್ಟು ಸಲ ಕೇಳಿದೆ! "ಅತ್ತೆ, ಕೈ ಮುಗೀತೀನಿ, ಅದನ್ನ ಮಾತ್ರ ಮುಟ್ಟಬೇಡಿ. ಕಸೂತಿ ಯಂತ್ರದ ಪ್ರೋಗ್ರಾಂ ವಿಂಡೋಸಲ್ಲಿ ಬಿಟ್ರೆ ಓಡಲ್ಲ" ಎನ್ನುತ್ತಿದ್ದಳು ಲುಬ್ನಾ. ಹಾಗಾದರೆ ಎರಡೂ ಇರಲಿ, ಬಿಲ್ಲು ಬರೆಯೋದು, ಗಿರಾಕಿಗಳ ಜೊತೆ ಮಾತಾಡೋದು ಎಲ್ಲ ಹಗುರಾದ ಕಡೆ ಇರಲಿ, ಕಸೂತಿ ಒಂದೇ ಆ ಕಡೆ ಇರಲಿ ಎಂದೆ. ಅವಳು ತಲೆಯಾಡಿಸಿದ್ದು ಬೇಡವೆಂದು. ಅವಳು ಬರುವಷ್ಟರಲ್ಲಿ ಮಾಡಿ ತೋರಿಸಿದರೆ ಬಾಯಿ ಮುಚ್ಚಿಕೊಂಡು ಸಂತೋಷಪಡುತ್ತಾಳೆ ಎಂದುಕೊಂಡೆ.

ನಕಲು ಮಾಡಿಕೊಳ್ಳಲಿಲ್ಲ. ಕಾರ್ಬನ್ ಇಡದೆ ಹಾಳೆ ತುರುಕದವಳು, ನಿಮ್ಮಿಬ್ಬರ ದುಡಿಮೆಯನ್ನೆಲ್ಲ ಒಂದೇ ಪ್ರತಿಯಲ್ಲಿ ಇಟ್ಟುಕೊಂಡು ಕೂತೆ. ನೀವು ಬೇಗ ಬಂದುಬಿಟ್ಟರೆ ಎಂಬ ಅವಸರ. ಜಾಗವನ್ನು ಸರಿಪಾಲು ಮಾಡಿದೆ, ಯಾರಿಗೂ ಅನ್ಯಾಯ ಬೇಡ ಎಂಬ ಹಾಗೆ. ತರಗತಿಯಲ್ಲಿ ಕೊಟ್ಟ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಅದು ಫ್ರೆಂಚಿನಲ್ಲಿತ್ತು, ಚಿತ್ರಗಳೂ ಫ್ರೆಂಚ್ ಪರದೆಯವು. ಒಂದು ಉದ್ದ ಪಟ್ಟಿಯ ಚಿತ್ರ, ಅದರ ಕೆಳಗೆ ಬರೆದಿತ್ತು: ಎಡಗಡೆಯ ತುಂಡು ವಿಂಡೋಸಿನದು, ಮುಟ್ಟಬೇಡಿ, ಬಲಗಡೆಯ ತುಂಡನ್ನು ಆರಿಸಿ, ಅಳಿಸಿ, ಲಿನಕ್ಸ್ ಹಾಕಿ.

ಆದರೆ ನಾನು ಅರಬ್ಬಿ ಆರಿಸಿದ್ದೆ.

ಅರಬ್ಬಿ ಆರಿಸಿದರೆ ಪರದೆಯೇ ತಿರುಗಿ ನಿಲ್ಲುತ್ತದೆ, ಮಗಳೇ. ಅಕ್ಷರ ಮಾತ್ರ ಅಲ್ಲ, ಗುಂಡಿ, ಬಾಣ, ಆ ಪಟ್ಟಿ ಕೂಡ. ಮೊದಲನೆಯ ತುಂಡು ಬಲಗಡೆಯಿಂದ ಶುರುವಾಗುತ್ತದೆ. ಅಂದರೆ ವಿಂಡೋಸ್ ಬಲಗಡೆ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ತುಂಡುಗಳ ಹೆಸರಿತ್ತು, ನಾನು ಕನ್ನಡಕ ಏರಿಸಿ ಓದಲಿಲ್ಲ. ಅಳತೆ ನೋಡಿದರೆ ಎರಡೂ ಒಂದೇ. ನನ್ನ ಕಣ್ಣು ಅರಬ್ಬಿ ಓದುತ್ತಿತ್ತು, ಕೈ ಫ್ರೆಂಚ್ ಹಾಳೆಯನ್ನು ಪಾಲಿಸುತ್ತಿತ್ತು. ಬಲಗಡೆಯ ತುಂಡನ್ನು ಒತ್ತಿದೆ. ಇದರಲ್ಲಿರುವುದೆಲ್ಲ ಅಳಿಯುತ್ತದೆ, ಸರಿಯೇ ಎಂದು ಅದು ಕೇಳಿತು. ಎಷ್ಟು ಮರ್ಯಾದೆಯಿಂದ ಕೇಳಿತು! ಸರಿ ಎಂದೆ. ಎದ್ದು ಹೋಗಿ ಮೀನು ತೊಳೆದೆ.

ವರ್ಷಗಟ್ಟಲೆ ಎರಡು ಯಂತ್ರದ ನಡುವೆ ಕೂತವಳು, ಒಂದು ಸಲವೂ ದಿಕ್ಕು ತಪ್ಪದವಳು.

ಮುಗಿದ ಮೇಲೆ ಹಚ್ಚಿ ನೋಡಿದರೆ ಪರದೆಯ ಮೇಲೆ ಎರಡೂ ಹೆಸರು ಬಂದವು, ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. ನಾನು ಒಬ್ಬಳೇ ಚಪ್ಪಾಳೆ ಹೊಡೆದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಕೆಳಗಿನ ಹೆಸರು ಒತ್ತಿದೆ. ನೀಲಿ ಪರದೆ ಬಂತು. ಮತ್ತೆ ಒತ್ತಿದೆ. ಮತ್ತೆ ನೀಲಿ. ಬಾಗಿಲ ಮೇಲೆ ಹೆಸರಿನ ಹಲಗೆ ಉಳಿದಿತ್ತು, ಒಳಗೆ ಮನೆ ಇರಲಿಲ್ಲ. ಲುಬ್ನಾಳ ತಾಯಿಯ ಹಳೆಯ ಬಟ್ಟೆಗಳನ್ನು ಮುಂದಿಟ್ಟುಕೊಂಡು ಚಳಿಗಾಲವೆಲ್ಲ ನೀನು ಕಂಪ್ಯೂಟರಿಗೆ ಇಳಿಸಿದ್ದ ಹಕ್ಕಿ, ಮೀನು, ದಾಳಿಂಬೆ, ಒಂದೂ ಇರಲಿಲ್ಲ. ಆ ಮದುಮಗಳ ಜರಿ ಅಂಗಿಯ ಎಡ ಎದೆ ಹೊಲಿದಾಗಿತ್ತು, ಬಲ ಎದೆಗೆ ಬೇಕಾದ ಚಿತ್ತಾರ ನನ್ನ ಕೈಯಲ್ಲೇ ಅಳಿದುಹೋಗಿತ್ತು.

ಅಷ್ಟರಲ್ಲಿ ನೀವು ಬಂದಿರಿ. ನಾನು ಲಿನಕ್ಸ್ ಹಾಕಿದ್ದು ಲುಬ್ನಾಗೆ ಕಾಣುತ್ತಲೇ ಇತ್ತು, ಮುಚ್ಚಿಡುವ ಹಾಗಿರಲಿಲ್ಲ. ವಿಂಡೋಸ್ ಮೊದಲೇ ಕೆಟ್ಟು ನಿಂತಿತ್ತು, ಉಳಿಸಲು ನೋಡಿದೆ, ಆಗಲಿಲ್ಲ ಎಂದುಬಿಟ್ಟೆ. ಏನಾಗಿ ಕೆಟ್ಟಿತು ಎಂದಳು. ಹಿಂದಿನ ಸಂಜೆ ನೀನು ಗೋರಂಟಿ ರಾತ್ರಿಯ ಹಾಡುಗಳನ್ನು ಅದರಲ್ಲಿ ಹಾಕಿ ಕೇಳಿದ್ದೆ. ಪೆನ್ ಡ್ರೈವಿನ ಮಾತು ಬಂತು. ಆಮೇಲೆ ನಡೆದದ್ದು ನಿನಗೆ ಗೊತ್ತು. "ಹಾಡು ಬೇಕಿತ್ತಾ ನಿಂಗೆ? ಮದ್ವೆ ಆಗ್ತಿರೋದು ನೀನಾ? ಎಲ್ಲೆಲ್ಲೋ ಸಿಕ್ಕಿಸಿದ್ದನ್ನ ತಂದು ನನ್ನ ಅನ್ನದ ತಟ್ಟೇಗೆ ಸಿಕ್ಕಿಸ್ತೀಯಾ?" ಎಂದಳು. "ಅತ್ತಿಗೆ, ನಾನು ಬರೀ ಹಾಡು ಹಾಕಿದ್ದು, ಆಣೆಗೂ ಬರೀ ಹಾಡು" ಎಂದೆ ನೀನು. ಹಾಗೆನ್ನುತ್ತ ನನ್ನ ಕಡೆ ನೋಡಿದೆ. ಕಂಪ್ಯೂಟರ್ ಬಲ್ಲವಳು ಮನೆಯಲ್ಲಿ ನಾನೊಬ್ಬಳೇ ಎಂದು. ನಾನು ಮೀನಿನ ಪಾತ್ರೆ ನೋಡುತ್ತ ನಿಂತೆ.

ಮರುದಿನ ನೀನು ಬಾಡಿಗೆ ವ್ಯಾನು ಲುವಾಜ್ ಹತ್ತಿ ಗಫ್ಸಾಕ್ಕೆ ಹೊರಟಾಗ ದಾರಿಗೆಂದು ರೊಟ್ಟಿ, ಟ್ಯೂನಾ, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟೆ. ಚಾಲಕ ಇನ್ನೊಬ್ಬ ಪ್ರಯಾಣಿಕನಿಗಾಗಿ ಕೂಗುತ್ತಿದ್ದ. ಆ ಒಬ್ಬ ಬರುವವರೆಗೂ ಸಮಯವಿತ್ತು. ನೀನು ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಿದ್ದೆ. ನಾನು ಮೊಟ್ಟೆಗೆ ಉಪ್ಪು ಹಾಕಿದ್ದೇನೆ ಎಂದೆ. ಅಷ್ಟೇ ಹೇಳಿದೆ.

ಆಮೇಲೆ ಕಂಪ್ಯೂಟರನ್ನು ನಾನೇ ರಿಪೇರಿ ಅಂಗಡಿಯ ನಜೀಹನ ಹತ್ತಿರ ಹೊತ್ತುಕೊಂಡು ಹೋದೆ, ಲಸ್ಸಾದ್ ಬರುತ್ತೇನೆ ಎಂದರೂ ಬೇಡವೆಂದು. ನಜೀಹ್ ಒಂದಷ್ಟು ಹೊತ್ತು ನೋಡಿ, "ಲಲ್ಲಾ ಬಹಿಜಾ, ಇದು ವೈರಸ್ ಕೆಲಸ ಅಲ್ಲ. ಯಾರೋ ಆ ತುಂಡನ್ನ ಒರೆಸಿ, ಅದರ ಮೇಲೇನೇ ಹೊಸದಾಗಿ ಬರೆದಿದಾರೆ. ಇನ್ನು ತೆಗೆಯೋಕಾಗಲ್ಲ" ಎಂದ. ಯಾರು ಮಾಡಿರಬಹುದು ಎಂದೆ, ಏನೂ ಅರಿಯದವಳ ಹಾಗೆ. "ನಿಮ್ಮನೇಲಿ ಲಿನಕ್ಸ್ ಹುಚ್ಚು ಯಾರಿಗಿದೆ ಹೇಳಿ, ಅವರನ್ನೇ ಕೇಳಿ" ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿದ. ನಗು ನಿಲ್ಲಿಸಿ, ಚಹಾ ತರಿಸಲಾ ಎಂದು ಕೇಳಿದ. ಮನೆಗೆ ಬಂದು ಅವನ ಕೊನೆಯ ಮಾತನ್ನು ಮಾತ್ರ ಹೇಳಿದೆ. ತೆಗೆಯೋಕಾಗಲ್ಲವಂತೆ ಎಂದು. ಅದು ಸುಳ್ಳೂ ಅಲ್ಲವಲ್ಲ.

ಈಗ ಹಸಿರು ಪೆನ್ ಡ್ರೈವಿನ ಮಾತು. ಲುಬ್ನಾ ಅದನ್ನು ನೂಲಿನ ಡಬ್ಬಿಗೆ ಎಸೆದಿದ್ದಳು. ನಾನು ತೆಗೆದು ನನ್ನ ಕಂಪ್ಯೂಟರಿಗೆ ಹಾಕಿ ಒಂದೊಂದನ್ನೂ ಪರೀಕ್ಷಿಸಿದೆ. ಹಾಡುಗಳು ಬಿಟ್ಟರೆ ಏನಿಲ್ಲ. ರೋಗವಿಲ್ಲ, ಧೂಳಿಲ್ಲ. ನಿನ್ನದು ಶುದ್ಧವಾಗಿದೆ, ಕಂದಾ. ನೀನೂ.

ಇಲ್ಲಿ ಲುಬ್ನಾ ಬಲ ಎದೆಯನ್ನು ಎಡ ಎದೆ ನೋಡಿಕೊಂಡು ಕೈಯಲ್ಲೇ ಹೊಲಿಯುತ್ತಿದ್ದಾಳೆ. ಹೊಲಿಯುತ್ತಾಳೆ, ಬಿಚ್ಚುತ್ತಾಳೆ. "ನೋಡಿ ಅತ್ತೆ, ಆ ಕಡೆ ಮೀನು ಈಜ್ತಾ ಇದೆ, ಈ ಕಡೆದು ಮಾರ್ಕೆಟ್ಟಲ್ಲಿ ಬಿದ್ದಿದೆ" ಎಂದು ನಿನ್ನೆ ಅಂಗಿ ಎತ್ತಿ ತೋರಿಸಿದಳು. ನಕ್ಕಳು, ಆಮೇಲೆ ನಗಲಿಲ್ಲ. "ಶೈಮಾ ಇದ್ದಿದ್ರೆ ಆ ರೆಕ್ಕೆ ಹೇಗೆ ತಿರುಗಿಸ್ಬೇಕು ಅಂತ ಕಣ್ಣು ಮುಚ್ಚಿ ಹೇಳೋಳು" ಎಂದಳು. ಮತ್ತೆ ತಾನೇ, "ಬಿಡಿ, ಮಾಡಿದ್ದು ಅವಳೇ ಅಲ್ವಾ" ಎಂದಳು. ಈಗಲೂ ಬೆಳಿಗ್ಗೆ ಅವಳ ಬೆರಳು ಅಭ್ಯಾಸಬಲದಿಂದ ಆ ಕೆಳಗಿನ ಹೆಸರಿಗೇ ಹೋಗುತ್ತದೆ. ನೀಲಿ ಪರದೆ ನೋಡಿ ಕಂಪ್ಯೂಟರ್ ಆಫ್ ಮಾಡುತ್ತಾಳೆ.

ಇನ್ನು ಸೂಜಿ ಮುಟ್ಟುವುದಿಲ್ಲ, ಖರ್ಜೂರ ಕಟ್ಟುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತೇನೆ ಎಂದು ನೀನು ಹಟ ಹಿಡಿದಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಅತ್ತಳು. ಮಗಳು ಮಾಡಿದ ನಷ್ಟಕ್ಕೆ ತಾನು ಕ್ಷಮೆ ಕೇಳುತ್ತೇನೆ ಎಂದಳು. ನನ್ನ ತಂಗಿ ನನ್ನ ಹತ್ತಿರ ಕ್ಷಮೆ ಕೇಳಿದಳು, ಶೈಮಾ, ನಾನು ಫೋನ್ ಹಿಡಿದುಕೊಂಡು ಇರಲಿ ಬಿಡು ಎಂದೆ. ದೊಡ್ಡ ಮನಸ್ಸಿನವಳ ಹಾಗೆ.

ಪಾಠ ಮುಗಿಸಬೇಕು. ನಾಲ್ಕನೆಯ ಕೆಲಸ: ಆ ಪಟ್ಟಿ ಬಂದಾಗ ಎಡ ಬಲ ನೋಡಬೇಡ. ತುಂಡಿನ ಹೆಸರು ಓದು, ಗಟ್ಟಿಯಾಗಿ ಓದು, ಪಕ್ಕದಲ್ಲಿ ನಿಮ್ಮಪ್ಪನನ್ನು ಕೂರಿಸಿಕೊಂಡು ಓದು. ಅಳಿಸಲೇ ಎಂದು ಕೇಳಿದಾಗ ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೊಮ್ಮೆ ಓದಿ, ಆಮೇಲೆ ಸರಿ ಎನ್ನು. ಹೇಗೂ ಪಾಠ ಬರೆದಾಯಿತು, ಆದರೆ ಇದನ್ನು ಅಲ್ಲಿ ಮಾಡಬೇಡ ಎಂಬುದು ನನ್ನ ಆಸೆ. ಲ್ಯಾಪ್‌ಟಾಪ್ ಎತ್ತಿಕೊಂಡು ಇಲ್ಲಿಗೆ ಬಾ. ನೀನು ಒತ್ತು, ನಾನು ಪಕ್ಕದಲ್ಲಿ ಕೂತು ಓದುತ್ತೇನೆ. ಲುಬ್ನಾಳ ತಾಯಿಯ ಬಟ್ಟೆಗಳು ಪೆಟ್ಟಿಗೆಯಲ್ಲೇ ಇವೆ. ಹಕ್ಕಿ, ಮೀನು ನಿನ್ನ ಕೈಗೆ ಇನ್ನೂ ನೆನಪಿರಬಹುದು. ಬರಲು ಮನಸ್ಸಿಲ್ಲದಿದ್ದರೆ ಬರಬೇಡ. ಸೂಜಿಯನ್ನು ಮಾತ್ರ ನನ್ನ ಪಾಪಕ್ಕಾಗಿ ಬಿಡಬೇಡ.

ನಿನ್ನ ಮುಂದೆ ತಲೆ ತಗ್ಗಿಸಿರುವ,
ದೊಡ್ಡಮ್ಮ
ಬಹಿಜಾ

ಮರೆತ ಮಾತು: ಮರೆತದ್ದಲ್ಲ. ಮೇಲೆ "ಪೆನ್ ಡ್ರೈವಿನ ಮಾತು ಬಂತು" ಎಂದು ಬರೆದಿದ್ದೇನೆ. ಮಾತು ತಾನಾಗಿ ಬರಲಿಲ್ಲ. ಏನಾಗಿ ಕೆಟ್ಟಿತು ಎಂದು ಲುಬ್ನಾ ಕೇಳಿದಾಗ ನೀನಿನ್ನೂ ಹೊರಗೆ ಚಪ್ಪಲಿಯ ಮರಳು ಕೊಡವುತ್ತಿದ್ದೆ. "ಈ ಹುಡುಗಿಯರ ಪೆನ್ ಡ್ರೈವಲ್ಲಿ ಏನೇನಿರುತ್ತೋ ಯಾರಿಗೆ ಗೊತ್ತಮ್ಮ" ಎಂದವಳು ನಾನು. ನೀನು ಒಳಗೆ ಬರುವ ಮೊದಲೇ ನಿನ್ನ ಹೆಸರು ಹೇಳಿ ಆಗಿತ್ತು. ಈ ಪತ್ರದಲ್ಲೂ ಅದನ್ನು ದಾಟಿಸಿಬಿಡಬಹುದು ಎಂದು ಸಹಿಯವರೆಗೂ ಬಂದೆ.

ಲುಬ್ನಾಳ ಎದುರು ನಿಂತು ಹೇಳುವ ಶಕ್ತಿ ನನ್ನ ನಾಲಿಗೆಗಿಲ್ಲ, ಬೆರಳುಗಳಿಗಷ್ಟೇ ಇದೆ. ಅದಕ್ಕೇ ಲಕೋಟೆಯನ್ನು ಅಂಟಿಸದೆ, ವಿಳಾಸವನ್ನೂ ಬರೆಯದೆ, ಈಗ ಪಕ್ಕದ ಕೋಣೆಗೆ ಹೋಗಿ ಅವಳ ಕೈಗೆ ಕೊಡುತ್ತೇನೆ. ಪೂರ್ತಿ ಓದು, ಓದಿದ ಮೇಲೆ ಕಳಿಸಬೇಕೆನ್ನಿಸಿದರೆ ವಿಳಾಸ ಬರೆದು ಅಂಚೆಗೆ ಹಾಕು ಎನ್ನುತ್ತೇನೆ. ಇದು ನಿನ್ನ ಕೈ ಸೇರಿದ್ದರೆ, ಲಕೋಟೆಯ ಮೇಲೆ ನಿನ್ನ ಹೆಸರನ್ನು ಬರೆದ ಕೈ ಯಾರದೆಂದು ನೋಡು.